ಹಳೆಯ ಬ್ಯಾಟರಿಗೂ ಠೇವಣಿ ಬೇಕು

ಬೆಂಗಳೂರಿನ ಮೈಸೂರು ರಸ್ತೆಯ ಒಳಗಲ್ಲಿಯೊಂದರ ಗುಜರಿ ಅಂಗಡಿಯಲ್ಲಿ ಈಚೆಗೆ ಅರ್ಧ ದಿನ ಕುಳಿತಿದ್ದೆ. ಯಾದಗಿರಿ ಕಡೆಯ ಹುಡುಗನೊಬ್ಬ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಬಿಚ್ಚುತ್ತಿದ್ದ. ತಿರುಪು ತೆಗೆದ. ಅಂಟು ಹಾಕಿದ್ದ ಮುಚ್ಚಳದ ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟ. ಒಳಗೆ ಹೆಬ್ಬೆರಳಿನ ಗಾತ್ರದ ಸೆಲ್‌ಗಳು ಜೇನುಗೂಡಿನ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಅವುಗಳ ತಲೆಯ ಮೇಲೆ ಬೆಸೆದಿದ್ದ ನಿಕಲ್ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಎಳೆಯುವಾಗ ಒಮ್ಮೆ ಚಟ್ ಎಂದು ಕಿಡಿ ಹಾರಿತು. "ಇನ್ನೂ ಕರೆಂಟ್ ಐತ್ರೀ ಇದ್ರಾಗ" ಎಂದು ಕೈ ಒದರಿಕೊಂಡ. ಕೈಗೆ ಗವಸು ಇರಲಿಲ್ಲ. ಕಾಲಲ್ಲಿ ಹವಾಯಿ ಚಪ್ಪಲಿ.

ಬಿಡಿಸಿದ ಒಂದೊಂದು ಸೆಲ್ಲಿಗೂ ಮಲ್ಟಿಮೀಟರ್ ಹಚ್ಚಿ ನೋಡುತ್ತಿದ್ದ. 3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನೀಲಿ ಟಬ್ಬಿಗೆ, ಕಡಿಮೆಯಾದರೆ ಗೋಣಿಚೀಲಕ್ಕೆ. ನೀಲಿ ಟಬ್ಬಿನವು ಪವರ್ ಬ್ಯಾಂಕ್, ಸ್ಪೀಕರ್, ಹೊಲಕ್ಕೆ ಔಷಧಿ ಹೊಡೆಯುವ ಪಂಪ್ ಮಾಡುವವರಿಗೆ ಹೋಗುತ್ತವೆ. ಗೋಣಿಚೀಲದವನ್ನು ತಿಂಗಳಿಗೊಮ್ಮೆ ಒಬ್ಬ ವ್ಯಾಪಾರಿ ತೂಕಕ್ಕೆ ಒಯ್ಯುತ್ತಾನೆ. ಎಲ್ಲಿಗೆ ಎಂದು ಅಂಗಡಿಯ ಯಜಮಾನರಿಗೂ ತಿಳಿಯದು. ಅಲ್ಯೂಮಿನಿಯಂ ಪೆಟ್ಟಿಗೆ, ತಾಮ್ರದ ವೈರು ಅಲ್ಲೇ ತೂಕವಾದವು. ಹಿಂದಿನ ಗೋಡೆಗೆ ಇನ್ನೊಂದು ಬಗೆಯ ಸೆಲ್‌ಗಳ ರಾಶಿ ಇತ್ತು. ಚಪ್ಪಟೆ, ಇಟ್ಟಿಗೆಯಷ್ಟು ದೊಡ್ಡವು, ಹೊಟ್ಟೆ ಉಬ್ಬಿದವು. ಯಾವುದೋ ಎಲೆಕ್ಟ್ರಿಕ್ ಆಟೊದವು. "ಅವನ್ನ ಯಾರೂ ಕೇಳಲ್ಲ ಸಾರ್. ವೈರು, ಡಬ್ಬ ಬಿಚ್ಚಿಕೊಂಡು ಬಿಟ್ಟಿದೀವಿ" ಎಂದರು ಯಜಮಾನರು. ಆ ರಾಶಿಯ ಮೇಲೆ ತಗಡು ಕೂಡ ಇರಲಿಲ್ಲ. ಹಿಂದಿನ ರಾತ್ರಿ ಮಳೆ ಬಂದಿತ್ತು.

ಇದನ್ನೆಲ್ಲ ತಡೆಯಲು ಕಾನೂನು ಇಲ್ಲವೇ? ಇದೆ. ಕೇಂದ್ರ ಪರಿಸರ ಸಚಿವಾಲಯ 2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ತಂದಿತು. ಅಲ್ಲಿಯವರೆಗೆ ಇದ್ದ 2001ರ ನಿಯಮಗಳಿಗೆ ಸೀಸದ ಬ್ಯಾಟರಿ ಬಿಟ್ಟರೆ ಬೇರೊಂದು ಗೊತ್ತಿರಲಿಲ್ಲ. ಹೊಸ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನು ಒಳಗೊಂಡವು, ಎಲೆಕ್ಟ್ರಿಕ್ ವಾಹನದ ಬ್ಯಾಟರಿಗೆಂದೇ ಪ್ರತ್ಯೇಕ ವರ್ಗ ಮಾಡಿದವು. ಹಳೆಯ ಬ್ಯಾಟರಿಯನ್ನು ನೆಲದಲ್ಲಿ ಹೂಳುವಂತಿಲ್ಲ, ಸುಡುವಂತಿಲ್ಲ. ಮಾರಿದವನೇ ವಾಪಸು ಪಡೆದು ಮರುಬಳಕೆಗೆ ಕಳಿಸಬೇಕು. ಮರುಬಳಕೆ ಘಟಕ ವಾಹನದ ಬ್ಯಾಟರಿಯ ಒಣತೂಕದಲ್ಲಿ 2024-25ರಲ್ಲಿ ಶೇ 70, ಮರುವರ್ಷ ಶೇ 80, 2026-27ರಿಂದ ಶೇ 90ರಷ್ಟು ವಸ್ತುವನ್ನು ಹೊರತೆಗೆಯಬೇಕು. 2027-28ರಿಂದ ಹೊಸ ಬ್ಯಾಟರಿಯಲ್ಲಿ ಶೇ 5ರಷ್ಟು ಮರುಬಳಕೆಯ ವಸ್ತು ಇರಬೇಕು, 2030-31ರ ಹೊತ್ತಿಗೆ ಅದು ಶೇ 20ಕ್ಕೆ ಏರಬೇಕು. ಇವು ಒಳ್ಳೆಯ ನಿಯಮಗಳು. ಬರೆದವರು ವಿಷಯ ಬಲ್ಲವರು. ಇದನ್ನು ಮನಸಾರೆ ಹೇಳುತ್ತೇನೆ.

ಆದರೆ ಒಂದು ಕಡೆ ಅವರ ಕೈ ಹಿಂಜರಿದಿದೆ. ಬ್ಯಾಟರಿ ವಾಪಸು ಬರುವಂತೆ ಮಾಡಲು ಕಂಪನಿಗಳು ಠೇವಣಿ ಪದ್ಧತಿ ಇಟ್ಟುಕೊಳ್ಳಬಹುದು, ಹಳೆಯದನ್ನು ಮರುಖರೀದಿ ಮಾಡಬಹುದು, ಅಥವಾ ಬೇರೆ ಯಾವುದೇ ದಾರಿ ಹಿಡಿಯಬಹುದು ಎಂದು ನಿಯಮ ಹೇಳುತ್ತದೆ. 'ಬಹುದು' ಎಂಬ ಆ ಒಂದು ಪದ 'ಬೇಕು' ಎಂದಾಗಬೇಕು. ಈ ಟಿಪ್ಪಣಿ ಬರೆಯುತ್ತಿರುವುದೇ ಅದಕ್ಕಾಗಿ.

ಸೀಸದ ಬ್ಯಾಟರಿಯ ಕಥೆಯನ್ನು ನೆನೆಯೋಣ. 2001ರ ನಿಯಮಗಳ ಪ್ರಕಾರ ಮೂರನೆಯ ವರ್ಷದಿಂದಾಚೆಗೆ ಕಂಪನಿಗಳು ಮಾರಿದ ಹೊಸ ಬ್ಯಾಟರಿಗಳ ಲೆಕ್ಕಕ್ಕೆ ಶೇ 90ರಷ್ಟು ಹಳೆಯವನ್ನು ಸಂಗ್ರಹಿಸಬೇಕಿತ್ತು. ಆರು ತಿಂಗಳಿಗೊಮ್ಮೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲೆಕ್ಕ ಒಪ್ಪಿಸಬೇಕಿತ್ತು. ನಮ್ಮ ಮನೆಗಳಲ್ಲಿ ಆದದ್ದೇನು? ಇನ್‌ವರ್ಟರ್ ಬ್ಯಾಟರಿ ಕೆಟ್ಟ ದಿನವೇ ಯಾರೋ ಬಂದು ದುಡ್ಡು ಕೊಟ್ಟು ಒಯ್ದರು. ಹಳೆಯ ಸೀಸದ ಬ್ಯಾಟರಿ ರಸ್ತೆ ಬದಿಯಲ್ಲಿ ಬಿದ್ದದ್ದನ್ನು ಯಾರಾದರೂ ನೋಡಿದ್ದೀರಾ? ಸೀಸಕ್ಕೆ ಬೆಲೆ ಇದೆ, ಅದಕ್ಕೇ ಅದು ಬೀಳುವುದಿಲ್ಲ. ಹಾಗೆ ಹೋದ ಬ್ಯಾಟರಿಗಳಲ್ಲಿ ಒಂದು ದೊಡ್ಡ ಪಾಲು ಊರ ಹೊರಗಿನ ಕಳ್ಳ ಕುಲುಮೆಗಳನ್ನು ಸೇರಿತು. ಆಮ್ಲವನ್ನು ಮಣ್ಣಿಗೆ ಚೆಲ್ಲಿ, ಸೀಸವನ್ನು ಬಯಲಲ್ಲಿ ಕರಗಿಸುವ ಕುಲುಮೆಗಳು. ಪರವಾನಗಿ ಪಡೆದ ಘಟಕದವನು ಹೊಗೆ ಶುದ್ಧ ಮಾಡಬೇಕು, ಆಮ್ಲ ತಟಸ್ಥ ಮಾಡಬೇಕು. ಕುಲುಮೆಯವನಿಗೆ ಆ ಖರ್ಚಿಲ್ಲ. ಆದ್ದರಿಂದ ಹಳೆಯ ಬ್ಯಾಟರಿಗೆ ಅವನು ಹೆಚ್ಚು ಬೆಲೆ ಕೊಡಬಲ್ಲ. ನಿಯಮ ಒಂದು ದಿಕ್ಕಿಗೆ ಕೈ ತೋರಿಸಿತು, ಬೆಲೆ ಇನ್ನೊಂದು ದಿಕ್ಕಿಗೆ ಎಳೆಯಿತು. ಬ್ಯಾಟರಿ ಬೆಲೆಯ ಹಿಂದೆ ಹೋಯಿತು.

ಅದರ ಬಾಕಿಯನ್ನು ತೀರಿಸುತ್ತಿರುವವರು ಮಕ್ಕಳು. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಭಾರತದ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಮೀರಿ ಸೀಸ ಇದೆ. ಮುಖ್ಯ ಕಾರಣಗಳಲ್ಲಿ ಒಂದಾಗಿ ಆ ವರದಿ ಹೆಸರಿಸಿದ್ದು ಇಂಥ ಕುಲುಮೆಗಳನ್ನೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಮಾತನ್ನು ದಶಕಗಳ ಕಾಲ ಹೇಳಿಕೊಂಡು ಬಂದರು. ಹೇಳುವವರು ನಮ್ಮೂರಲ್ಲೇ ಇದ್ದರು. ಕೇಳಿಸಿಕೊಳ್ಳುವುದು ತಡವಾಯಿತು.

ಲಿಥಿಯಂ ಬ್ಯಾಟರಿಯ ಸಮಸ್ಯೆ ಇದಕ್ಕಿಂತ ಒಂದು ಸುತ್ತು ಜಟಿಲ. ಅದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುತ್ತವೆ. ಕೋಬಾಲ್ಟ್ ಮತ್ತು ನಿಕಲ್ ದುಬಾರಿ ಲೋಹಗಳಾದ್ದರಿಂದ ಈ ಜಾತಿಯನ್ನು ಹುಡುಕಿಕೊಂಡು ಜನ ಬರುತ್ತಾರೆ. ಇನ್ನೊಂದು ಲಿಥಿಯಂ, ಕಬ್ಬಿಣ, ಫಾಸ್ಫೇಟ್ ಸೇರಿದ್ದು. ವ್ಯವಹಾರದಲ್ಲಿ ಎಲ್‌ಎಫ್‌ಪಿ ಎನ್ನುತ್ತಾರೆ. ಇದು ಅಗ್ಗ, ಬಾಳಿಕೆ ಹೆಚ್ಚು, ಬೆಂಕಿ ಹತ್ತುವ ಅಪಾಯವೂ ಹೋಲಿಕೆಯಲ್ಲಿ ಕಡಿಮೆ. ಹಾಗಾಗಿ ಬಸ್ಸು, ಆಟೊ, ಅನೇಕ ಕಾರುಗಳಿಗೆ ಈಗ ಇದೇ. ಬಳಸುವಾಗ ಇದು ಒಳ್ಳೆಯ ಆಯ್ಕೆಯೇ. ಬಳಸಿ ಮುಗಿದ ಮೇಲೆ ತೊಡಕು. ಕಬ್ಬಿಣಕ್ಕೂ ಫಾಸ್ಫೇಟಿಗೂ ಗುಜರಿಯಲ್ಲಿ ಕಾಸು ಹುಟ್ಟುವುದಿಲ್ಲ. ಒಳಗಿರುವ ಲಿಥಿಯಂ ಒಂದು ಕಿಲೋವ್ಯಾಟ್ ಗಂಟೆಯ ಸಾಮರ್ಥ್ಯಕ್ಕೆ ಸುಮಾರು 100 ಗ್ರಾಂ. ಅದನ್ನು ತೆಗೆಯಲು ಸೆಲ್ ಪುಡಿ ಮಾಡಿ, ಆ ಕಪ್ಪು ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಬೇರ್ಪಡಿಸುವ ದೊಡ್ಡ ಘಟಕವೇ ಬೇಕು. ಗುಜರಿ ಅಂಗಡಿಯ ಗೋಡೆಯ ಪಕ್ಕ ಉಬ್ಬಿ ಬಿದ್ದಿದ್ದ ಆ ರಾಶಿ ಈ ಜಾತಿಯದು.

ಬೆಲೆ ಇದ್ದ ಜಾತಿ ತಪ್ಪು ಕೈಗೆ ಹೋಗುತ್ತದೆ, ಬೆಲೆ ಇಲ್ಲದ ಜಾತಿ ಯಾವ ಕೈಗೂ ಹೋಗದೆ ಬಯಲಲ್ಲಿ ಬೀಳುತ್ತದೆ. ಸೆಲ್ಲಿನೊಳಗಿನ ದ್ರವದಲ್ಲಿರುವ ಫ್ಲೋರಿನ್ನಿನ ಲವಣ ತೇವ ತಾಗಿದಾಗ, ಬಿಸಿಯಾದಾಗ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಕಣ್ಣು, ಶ್ವಾಸಕೋಶಗಳನ್ನು ಸುಡುವ ಅನಿಲ. ಒಂದು ಸೆಲ್ಲಿಗೆ ಹತ್ತಿದ ಬೆಂಕಿ ಪಕ್ಕದ್ದಕ್ಕೆ ದಾಟುವುದು ಹೇಗೆಂದು 2022ರ ಬೇಸಿಗೆಯಲ್ಲಿ ಸ್ಕೂಟರುಗಳು ಹೊತ್ತಿ ಉರಿದಾಗ ದೇಶವೇ ನೋಡಿತು. ಆಮೇಲೆ ಹೊಸ ಬ್ಯಾಟರಿಯ ಸುರಕ್ಷತೆಯ ಮಾನದಂಡ ಬಿಗಿಯಾಯಿತು. ಹಳೆಯದಾಗಿ, ಉಬ್ಬಿ, ಜಜ್ಜಿಹೋಗಿ ಗುಜರಿಗೆ ಬಂದ ಬ್ಯಾಟರಿಗೆ ಆ ಕಾವಲು ಇಲ್ಲ.

ಇದಕ್ಕೆ ಮದ್ದು ಪ್ರತಿಯೊಬ್ಬರ ಅಡುಗೆಮನೆಯಲ್ಲೇ ಇದೆ. ಗ್ಯಾಸ್ ಸಿಲಿಂಡರ್. ಅದು ಉಕ್ಕಿನದು, ತೂಕಕ್ಕೆ ಹಾಕಿದರೆ ದುಡ್ಡು ಬರುತ್ತದೆ. ಆದರೂ ನಮ್ಮಲ್ಲಿ ಯಾರೂ ಗುಜರಿಗೆ ಹಾಕುವುದಿಲ್ಲ. ಡಿಪಾಸಿಟ್ ಕಟ್ಟಿದ್ದೇವೆ, ಪುಸ್ತಕದಲ್ಲಿ ಬರೆದಿದ್ದಾರೆ, ಖಾಲಿಯದನ್ನು ಕೊಡದೆ ತುಂಬಿದ್ದು ಸಿಗದು. ಇನ್ನೊಂದು ಉದಾಹರಣೆ ನಮ್ಮ ಗಡಿಗೆ ಅಂಟಿಕೊಂಡೇ ಇದೆ. ಗುಂಡ್ಲುಪೇಟೆ ದಾಟಿ ನೀಲಗಿರಿಗೆ ಹೋದವರು ನೋಡಿರುತ್ತೀರಿ. ಕಾಡಿನಲ್ಲಿ ಮದ್ಯದ ಬಾಟಲಿ ಒಡೆದು ಆನೆಗಳ ಕಾಲಿಗೆ ಚುಚ್ಚುತ್ತಿವೆ ಎಂಬ ದೂರು ಮದ್ರಾಸ್ ಹೈಕೋರ್ಟಿಗೆ ಹೋಯಿತು. 2022ರಿಂದ ಆ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದವರಿಗೆ ಆ ಹತ್ತನ್ನು ಮರಳಿಸತೊಡಗಿದರು. ಬಾಟಲಿಗಳಲ್ಲಿ ಬಹುಪಾಲು ವಾಪಸು ಬಂದವು. ಕುಡಿದವರು ಎಸೆದರೂ ಆಯ್ದು ತರುವವರು ಹುಟ್ಟಿಕೊಂಡರು. ಹತ್ತು ರೂಪಾಯಿ ಅಷ್ಟು ಕೆಲಸ ಮಾಡಿತು.

ಬ್ಯಾಟರಿಗೂ ಹಾಗೆಯೇ ಮಾಡಬಹುದು. ಹೊಸ ವಾಹನದ ಬಿಲ್ಲಿನಲ್ಲಿ ಬ್ಯಾಟರಿ ಠೇವಣಿ ಎಂದು ಬೇರೆ ಸಾಲು ಇರಲಿ. ಬ್ಯಾಟರಿಯ ಆಯುಸ್ಸು ಮುಗಿದಾಗ ಅದನ್ನು ಬಿಚ್ಚದೆ, ಸೀಲು ಒಡೆಯದೆ ಯಾರು ಸಂಗ್ರಹ ಕೇಂದ್ರಕ್ಕೆ ತರುತ್ತಾರೋ ಅವರಿಗೆ ಆ ಹಣ ಸಿಗಲಿ. ಮೊದಲ ಮಾಲೀಕನೇ ಆಗಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡವನಾಗಲಿ, ಗುಜರಿಯವನಾಗಲಿ. ಬಿಡಿಭಾಗ ಬಿಚ್ಚಿ ಮಾರಿದರೆ ಬರುವುದಕ್ಕಿಂತ ಆ ಮೊತ್ತ ಹೆಚ್ಚಿರಬೇಕು. ಎಲ್‌ಎಫ್‌ಪಿಗೆ ಇದು ಇನ್ನೂ ಅಗತ್ಯ, ಏಕೆಂದರೆ ಅದಕ್ಕೆ ತನ್ನದೇ ಬೆಲೆ ಎಂಬುದು ಇಲ್ಲ, ನಾವೇ ಹುಟ್ಟಿಸಬೇಕು. ಈ ಮಾತನ್ನು ಗುಜರಿ ಯಜಮಾನರ ಮುಂದಿಟ್ಟೆ. ಅವರು ಕ್ಷಣವೂ ಯೋಚಿಸಲಿಲ್ಲ. "ಇಡೀ ಡಬ್ಬಕ್ಕೆ ಒಳ್ಳೆ ರೇಟು ಕೊಟ್ರೆ ನಾನೇ ಆಟೊದಲ್ಲಿ ಹಾಕ್ಕೊಂಡು ಹೋಗಿ ಕೊಟ್ಟು ಬರ್ತೀನಿ ಸಾರ್. ಬಿಚ್ಚೋಕೆ ಹುಡುಗನ ಕೂಲಿ ಬೇರೆ, ಬೆಂಕಿ ಭಯ ಬೇರೆ" ಎಂದರು.

ಠೇವಣಿಯ ಹಣ ಕಂಪನಿಯ ಗಲ್ಲಾಪೆಟ್ಟಿಗೆಯಲ್ಲಿ ಇರಕೂಡದು. ಪ್ರತ್ಯೇಕ ಸಾರ್ವಜನಿಕ ನಿಧಿಯಲ್ಲಿ ಇರಬೇಕು. ಎಲೆಕ್ಟ್ರಿಕ್ ವಾಹನದ ವ್ಯಾಪಾರಕ್ಕೆ ಇಳಿದವರಲ್ಲಿ ನಾಲ್ಕೈದು ವರ್ಷಕ್ಕೇ ಬಾಗಿಲು ಹಾಕಿದವರೂ ಇದ್ದಾರೆ. ಬ್ಯಾಟರಿಯ ಬಾಳಿಕೆ ಎಂಟು, ಹತ್ತು ವರ್ಷ. ಉತ್ಪಾದಕನ ಮೇಲೆ ಹೊಣೆ ಹೊರಿಸಿದ ಕಾನೂನು, ಉತ್ಪಾದಕನೇ ಇಲ್ಲವಾದಾಗ ಯಾರ ಮನೆಯ ಕದ ತಟ್ಟಬೇಕು? ನಿಧಿ ಇದ್ದರೆ ಆ ಅನಾಥ ಬ್ಯಾಟರಿಗೂ ದಿಕ್ಕಿರುತ್ತದೆ. ನನ್ನ ಪರಿಚಿತರೊಬ್ಬರ ಸ್ಕೂಟರಿನ ವಾರಂಟಿ ಮುಗಿದು ಬ್ಯಾಟರಿ ಸತ್ತಾಗ, ಹಳೆಯದನ್ನು ಎಲ್ಲಿ ಕೊಡಬೇಕೆಂದು ಕೇಳಲು ಅವರ ಪರವಾಗಿ ನಾನೇ ಷೋರೂಮಿಗೆ ಫೋನ್ ಮಾಡಿದ್ದೆ. "ನಾವು ತಗೊಳಲ್ಲ ಸರ್, ಮನೇಲೇ ಇಟ್ಕೊಳಿ" ಎಂದು ಉತ್ತರ ಬಂತು. ಎರಡು ವರ್ಷದಿಂದ ಅದು ಅವರ ಮೆಟ್ಟಿಲ ಕೆಳಗಿದೆ. ಅದರ ಪಕ್ಕದಲ್ಲೇ ಮೊಮ್ಮಗನ ಸೈಕಲ್.

ಠೇವಣಿ ನಡೆಯಬೇಕಾದರೆ ಬ್ಯಾಟರಿಗೆ ಗುರುತು ಬೇಕು. ವಾಹನದ ಆರ್‌ಸಿಯಲ್ಲಿ ಷಾಸಿ ನಂಬರ್ ಇದೆ, ಮೋಟಾರ್ ನಂಬರ್ ಇದೆ. ಎಲ್ಲಕ್ಕಿಂತ ದುಬಾರಿಯಾದ, ಎಲ್ಲಕ್ಕಿಂತ ಅಪಾಯದ ಭಾಗಕ್ಕೆ ಅಂಥ ಜಾಡು ಇಲ್ಲ. 2020ರ ಆಗಸ್ಟ್‌ನಲ್ಲಿ ರಸ್ತೆ ಸಾರಿಗೆ ಸಚಿವಾಲಯ ಬ್ಯಾಟರಿ ಇಲ್ಲದೆಯೂ ಎಲೆಕ್ಟ್ರಿಕ್ ವಾಹನ ಮಾರಿ ನೋಂದಾಯಿಸಬಹುದು ಎಂದಿತು. ಬ್ಯಾಟರಿ ಬದಲಿಸಿಕೊಳ್ಳುವ ಪದ್ಧತಿಗೆ ಅದು ಅನುಕೂಲವೇ. ಆದರೆ ಗಾಡಿಯ ದಾರಿ ಬೇರೆ, ಬ್ಯಾಟರಿಯ ದಾರಿ ಬೇರೆ ಆಯಿತು. ಆಯುಸ್ಸು ಮುಗಿದ ವಾಹನಗಳ ಬಗ್ಗೆ 2025ರ ಏಪ್ರಿಲ್‌ನಿಂದ ಜಾರಿಯಾದ ನಿಯಮಗಳೂ ಬ್ಯಾಟರಿಯನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟು, ಅದಕ್ಕೆ ಅದರದೇ ನಿಯಮ ಇದೆ ಎಂದು ಬಿಟ್ಟವು. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನು 2027ರ ಫೆಬ್ರುವರಿ 18ರಿಂದ ಪ್ರತಿ ವಾಹನ ಬ್ಯಾಟರಿಗೂ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ ಮಾಡುತ್ತದೆ. ನಮ್ಮಲ್ಲೂ ಬ್ಯಾಟರಿಗೆ ಆಧಾರ್ ಮಾದರಿಯ ಸಂಖ್ಯೆ ಕೊಡುವ ಪ್ರಸ್ತಾವ ಬಂದಿದೆ. ಆ ಸಂಖ್ಯೆ ಆರ್‌ಸಿಗೂ ಠೇವಣಿಗೂ ಜೋಡಣೆಯಾಗಲಿ. ಬರೀ ಸಂಖ್ಯೆಯಿಂದ ಬ್ಯಾಟರಿ ವಾಪಸು ಬರುವುದಿಲ್ಲ.

ಯುರೋಪಿನ ಕಾನೂನಿನಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇದೆ. ಅಲ್ಲಿ ಲೋಹವಾರು ಗುರಿ ಇಟ್ಟಿದ್ದಾರೆ. ಲಿಥಿಯಂನಲ್ಲಿ 2027ರ ಕೊನೆಗೆ ಶೇ 50, 2031ರ ಕೊನೆಗೆ ಶೇ 80 ವಾಪಸು ತೆಗೆಯಬೇಕು. ಕೋಬಾಲ್ಟ್, ನಿಕಲ್, ತಾಮ್ರದಲ್ಲಿ ಶೇ 90, ಆಮೇಲೆ ಶೇ 95. ನಮ್ಮ ಶೇ 90ರ ಗುರಿ ಇಡೀ ಬ್ಯಾಟರಿಯ ಒಣತೂಕದ ಮೇಲಿನದು. ಮರುಬಳಕೆ ಘಟಕ ಪಡೆಯುವ ಪ್ರಮಾಣಪತ್ರದ ಲೆಕ್ಕದಲ್ಲಿ ಲೋಹಗಳ ಹೆಸರು ಬರುತ್ತದೆ, ನಿಜ. ಆದರೆ ಬ್ಯಾಟರಿಯ ತೂಕದಲ್ಲಿ ಲಿಥಿಯಂನ ಪಾಲು ನೂರಕ್ಕೆ ಒಂದೆರಡು. ಪೆಟ್ಟಿಗೆ, ತಾಮ್ರ, ಅಲ್ಯೂಮಿನಿಯಂ, ಉಳಿದ ಲೋಹಗಳನ್ನು ಚೆನ್ನಾಗಿ ತೆಗೆದು, ಲಿಥಿಯಂ ಪೂರ್ತಿ ಕಿಟ್ಟದೊಳಗೆ ಹೋದರೂ ತೂಕದ ಗುರಿಗೆ ಧಕ್ಕೆಯಾಗುವುದಿಲ್ಲ. ಮಂಡ್ಯ ಜಿಲ್ಲೆಯ ಮರಳಗಾಲ ಸುತ್ತಿನಲ್ಲಿ ಅಣು ಖನಿಜ ನಿರ್ದೇಶನಾಲಯ 2021ರಲ್ಲಿ ಗುರುತಿಸಿದ ಲಿಥಿಯಂ 1,600 ಟನ್. ಅದಕ್ಕಾಗಿ ನಾವೆಲ್ಲ ಸಂಭ್ರಮಪಟ್ಟೆವು. ಅದಿನ್ನೂ ನೆಲದೊಳಗಿದೆ. ಅಷ್ಟು ಲಿಥಿಯಂ ಕೂಡಿಸಲು 30 ಕಿಲೋವ್ಯಾಟ್ ಗಂಟೆಯ ಸುಮಾರು 5 ಲಕ್ಷ ಕಾರುಗಳ ಬ್ಯಾಟರಿ ಸಾಕು. ಅವಕ್ಕಾಗಿ ಯಾವ ಗುಡ್ಡವನ್ನೂ ಅಗೆಯಬೇಕಿಲ್ಲ. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಇಂಥ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಒಪ್ಪಿದೆ. ಘಟಕಗಳು ಬರಲಿ. ಅವುಗಳ ಬಾಯಿಗೆ ಬ್ಯಾಟರಿ ತಲುಪಿಸುವವರು ಯಾರು ಎಂಬುದೂ ಅದೇ ಕಡತದಲ್ಲಿ ತೀರ್ಮಾನವಾಗಲಿ.

ಪ್ರಮಾಣಪತ್ರಗಳ ಮಾತು ಬಂತು. ಮರುಬಳಕೆ ಘಟಕ ಇಷ್ಟು ಕಿಲೋ ತೆಗೆದೆ ಎಂದು ಪ್ರಮಾಣಪತ್ರ ಪಡೆಯುತ್ತದೆ, ಕಂಪನಿ ಅದನ್ನು ಕೊಂಡು ತನ್ನ ಹೊಣೆ ತೀರಿತು ಎಂದು ತೋರಿಸುತ್ತದೆ. ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಇದೇ ಪದ್ಧತಿ ಇದೆ. ಅಲ್ಲಿ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಪತ್ತೆ ಮಾಡಿತು. ಬ್ಯಾಟರಿಯ ಪ್ರಮಾಣಪತ್ರದ ಬೆಲೆ, ಹೊಣೆ ತೀರಿಸದ ಕಂಪನಿ ಕಟ್ಟಬೇಕಾದ ಪರಿಸರ ಪರಿಹಾರ ದಂಡದ ಶೇ 30ಕ್ಕಿಂತ ಕೆಳಗಿಳಿಯಬಾರದು ಎಂದು 2024ರಲ್ಲಿ ತಿದ್ದುಪಡಿ ಮಾಡಿದ್ದು ಸರಿಯಾದ ಹೆಜ್ಜೆ. ಆದರೆ ಕಾಗದದ ಹಿಂದೆ ನಿಜವಾದ ಬ್ಯಾಟರಿ ಇದೆಯೇ ಎಂದು ನೋಡಲು ಘಟಕದ ಬಾಗಿಲಿಗೆ ಹೋಗಬೇಕಾದವರು ರಾಜ್ಯ ಮಂಡಳಿಯವರು. ಮರುಬಳಕೆ ಘಟಕಗಳ ನೋಂದಣಿ ಅವರ ಕೈಯಲ್ಲೇ ಇದೆ. ನಿಯಮ ಕೇಂದ್ರದ್ದು, ನಾವೇನು ಮಾಡಲಾದೀತು ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

ಕರ್ನಾಟಕ ತಾನಾಗಿಯೇ ಮಾಡಬಹುದಾದ ಕೆಲಸಗಳೂ ಇವೆ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ಇದು. ರೇವಾ ಕಾರು ಬೊಮ್ಮಸಂದ್ರದಿಂದ ರಸ್ತೆಗಿಳಿದದ್ದು 2001ರಲ್ಲಿ. ಇಂದು ಬಿಎಂಟಿಸಿಯಲ್ಲಿ ಓಡುತ್ತಿರುವ ಎಲೆಕ್ಟ್ರಿಕ್ ಬಸ್ಸುಗಳು ಸಾವಿರ ದಾಟಿವೆ. ಅವು ಗುತ್ತಿಗೆಯ ಬಸ್ಸುಗಳು. ಕಿಲೋಮೀಟರಿಗೆ ಇಷ್ಟೆಂದು ನಿಗಮ ಹಣ ಕೊಡುತ್ತದೆ, ಬಸ್ಸೂ ಬ್ಯಾಟರಿಯೂ ಗುತ್ತಿಗೆದಾರರವು. ಬಹುಪಾಲು ಬಸ್ಸುಗಳ ಒಪ್ಪಂದ 12 ವರ್ಷದ್ದು. ಅಷ್ಟರೊಳಗೆ ಬ್ಯಾಟರಿ ಬದಲಿಸುವ ಪ್ರಸಂಗ ಬಂದರೆ, ತೆಗೆದಿಟ್ಟ ಒಂದೊಂದು ಬ್ಯಾಟರಿಯೂ ಯಾವ ಘಟಕಕ್ಕೆ ಹೋಯಿತು, ಎಷ್ಟು ತೂಕ, ಯಾವ ದಿನ ಎಂಬುದನ್ನು ನಿಗಮ ಜನರ ಮುಂದೆ ಇಡಬೇಕು. ಮುಂದಿನ ಟೆಂಡರಿನಲ್ಲಿ ಇದೊಂದು ಷರತ್ತು ಸೇರಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ. ಸರ್ಕಾರಿ ಇಲಾಖೆಗಳು ಕೊಳ್ಳುವ ಎಲೆಕ್ಟ್ರಿಕ್ ಕಾರುಗಳಿಗೆ ಠೇವಣಿ ಪದ್ಧತಿಯನ್ನು ನಾಳೆಯೇ ಶುರು ಮಾಡಬಹುದು. ಜಿಲ್ಲೆಗೊಂದು ಸಂಗ್ರಹ ಕೇಂದ್ರ, ಮರಳು ತುಂಬಿದ ಡ್ರಮ್ಮು, ತರಬೇತಿ ಪಡೆದ ಇಬ್ಬರು ಕೆಲಸಗಾರರು ಇಷ್ಟಿದ್ದರೆ ಆರಂಭಕ್ಕೆ ಸಾಕು. ಆ ಇಬ್ಬರನ್ನು ಗುಜರಿ ಅಂಗಡಿಗಳಿಂದಲೇ ಆರಿಸಿ. ಯಾವ ಸೆಲ್ ಉಬ್ಬಿದೆ, ಯಾವುದು ಬಿಸಿಯಾಗುತ್ತಿದೆ ಎಂಬುದನ್ನು ಬೆರಳಿನಿಂದಲೇ ಬಲ್ಲವರು ಅವರು. ಅವರನ್ನು ಅಪರಾಧಿಗಳಂತೆ ಓಡಿಸಿದರೆ ಕೆಲಸ ನಿಲ್ಲುವುದಿಲ್ಲ, ಇನ್ನೂ ಒಳಗಿನ ಗಲ್ಲಿಗೆ ಹೋಗುತ್ತದೆ.

ಆ ದಿನ ಹೊರಡುವ ಮುಂಚೆ ಹುಡುಗ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ್ದ ಚೀಟಿಯನ್ನು ತೋರಿಸಿದ. ಗಾಲಿಯ ಕಸದ ಡಬ್ಬಿಗೆ ಅಡ್ಡಗೀಟು ಎಳೆದ ಚಿತ್ರ, ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನ ನಾಲ್ಕು ಸಾಲು. ಕನ್ನಡ ಎಲ್ಲೂ ಇರಲಿಲ್ಲ. "ಏನ್ ಬರ್ದಾರ್ರೀ ಸರ ಇದ್ರಾಗ?" ಎಂದು ಕೇಳಿದ. ಬಿಚ್ಚಬಾರದು, ಚುಚ್ಚಬಾರದು, ನೀರು ತಾಗಿಸಬಾರದು ಎಂದು ಓದಿ ಹೇಳಿದೆ. ಅವನು ಒಮ್ಮೆ ಚೀಟಿ ನೋಡಿದ, ಒಮ್ಮೆ ನೀಲಿ ಟಬ್ಬು ನೋಡಿದ. ಅಷ್ಟರಲ್ಲಿ ಟಬ್ಬಿನಲ್ಲಿ ನಲವತ್ತಕ್ಕೂ ಹೆಚ್ಚು ಸೆಲ್‌ಗಳಿದ್ದವು.